ರೋಗ ಗುರುತಿಸುವುದು, ಮದ್ದು ಆರಿಸುವುದು: ಕಾಸರಗೋಡಿನ ನರ್ಸ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ವಾರ್ಡ್, ಕ್ಯಾಶುವಾಲ್ಟಿ, ಆಮೇಲೆ ಹಳ್ಳಿಯ ಆರೋಗ್ಯ ಕೇಂದ್ರ, ಈಗ ಮನೆ ಮನೆಗೆ ಹೋಗಿ, ವಾಸಿಯಾಗದ ಕಾಯಿಲೆಯವರ ನೋವು ತಗ್ಗಿಸುವ ಪ್ಯಾಲಿಯೇಟಿವ್ ಕೆಲಸ. ನನ್ನ ನರ್ಸಿಂಗ್ ಜೀವನ ಹೀಗೆ ಸಾಗಿದೆ. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಕುಂಬಳೆ ಕಡೆಯ ಹೊಸ ಸಿಸ್ಟರ್‌ಗಳು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಒಂದೇ. ಹಾಗಾಗಿ ಒಂದು ಕಡೆ ಬರೆದಿಟ್ಟಿದ್ದೇನೆ.

ರೋಗ ಯಾವುದು ಅಂತ ಹೇಳುವುದು ಡಾಕ್ಟ್ರ ಕೆಲಸ ಅಲ್ವಾ? ನಾವು ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಚೀಟಿಯಲ್ಲಿ ರೋಗದ ಹೆಸರು ಬರೆಯುವುದು ಡಾಕ್ಟ್ರ ಕೆಲಸ, ಸರಿ. ಆದರೆ ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ಒಬ್ಬರ ಉಸಿರು ಬದಲಾದರೆ ಮೊದಲು ಕಾಣುವುದು ಯಾರಿಗೆ? ಹಳ್ಳಿ ಕೇಂದ್ರದ ಬಾಗಿಲಲ್ಲಿ ಮಗು ಎತ್ತಿಕೊಂಡು ನಿಂತ ತಾಯಿಯನ್ನು ಮೊದಲು ಮಾತಾಡಿಸುವುದು ಯಾರು? ಇವರನ್ನು ಈಗಲೇ ದೊಡ್ಡ ಆಸ್ಪತ್ರೆಗೆ ಕಳಿಸಬೇಕಾ, ಇವತ್ತೇ ಡಾಕ್ಟ್ರಿಗೆ ತೋರಿಸಿದರೆ ಸಾಕಾ, ಮನೆಗೆ ಕಳಿಸಿ ನಾಳೆ ನೋಡಬಹುದಾ ಅಂತ ನಾವು ದಿನಕ್ಕೆ ಹತ್ತು ಸಲ ತೀರ್ಮಾನ ಮಾಡುತ್ತೇವೆ. ಗೊತ್ತಿಲ್ಲದೆ ಮಾಡುವ ಬದಲು ಗೊತ್ತಿದ್ದು ಮಾಡೋಣ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನರ್ಸ್ ಮದ್ದು ಬರೆಯಬಹುದಾ? ಕಾನೂನು ಏನು ಹೇಳುತ್ತದೆ?

ನಮ್ಮಲ್ಲಿ ನರ್ಸಿಂಗ್ ನೋಂದಣಿ ಇದ್ದ ಮಾತ್ರಕ್ಕೆ ಸ್ವಂತವಾಗಿ ಮದ್ದು ಬರೆಯುವ ಹಕ್ಕು ಬರುವುದಿಲ್ಲ. ಶೆಡ್ಯೂಲ್ ಎಚ್ (ಚೀಟಿ ಇಲ್ಲದೆ ಮಾರಬಾರದ ಮದ್ದುಗಳ ಸರಕಾರಿ ಪಟ್ಟಿ) ಮದ್ದುಗಳಿಗೆ ನೋಂದಾಯಿತ ವೈದ್ಯರ ಚೀಟಿ ಬೇಕೇ ಬೇಕು. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಸೆಕ್ಷನ್ ‘ಕಮ್ಯೂನಿಟಿ ಹೆಲ್ತ್ ಪ್ರೊವೈಡರ್’ ಎಂಬ ಸೀಮಿತ ಪರವಾನಗಿಯ ಬಗ್ಗೆ ಹೇಳುತ್ತದೆ. ಆ ಪರವಾನಗಿ ಇದ್ದವರೂ ಪ್ರಾಥಮಿಕ ಆರೈಕೆಯಲ್ಲಿ, ಗೊತ್ತುಮಾಡಿದ ಮದ್ದುಗಳನ್ನು ಮಾತ್ರ ಸ್ವತಂತ್ರವಾಗಿ ಕೊಡಬಹುದು. ಉಳಿದದ್ದೆಲ್ಲ ವೈದ್ಯರ ಮೇಲ್ವಿಚಾರಣೆಯಲ್ಲಿ. ಕೇಂದ್ರಗಳಲ್ಲಿ ಎಂಎಲ್‌ಎಸ್‌ಪಿ (ಮಿಡ್ ಲೆವೆಲ್ ಸರ್ವಿಸ್ ಪ್ರೊವೈಡರ್) ಆಗಿರುವವರು ಮಾರ್ಗಸೂಚಿಯ ಪಟ್ಟಿ, ಮೆಡಿಕಲ್ ಆಫೀಸರ್ ಸಹಿ ಮಾಡಿದ ಸ್ಟ್ಯಾಂಡಿಂಗ್ ಆರ್ಡರ್ (ಯಾವಾಗ ಏನು ಕೊಡಬಹುದು ಅಂತ ಮೊದಲೇ ಬರೆದಿಟ್ಟ ಆದೇಶ) ಇವುಗಳ ಒಳಗೇ ಕೆಲಸ ಮಾಡಬೇಕು. ನಿಮ್ಮ ಕೇಂದ್ರದ ಆ ಕಾಗದ ಎಲ್ಲಿದೆ ಅಂತ ಇವತ್ತೇ ಹುಡುಕಿ. ಓದಿದವರು ತುಂಬ ಕಡಿಮೆ.

ಬ್ರಿಟನ್ನಿಗೆ ಹೋದ ಗೆಳತಿಯರು ‘ಇಲ್ಲಿ ನಾವೇ ಬರೆಯುತ್ತೇವೆ’ ಅನ್ನುತ್ತಾರೆ. ನಿಜ. ಅಲ್ಲಿ ಪ್ರಿಸ್ಕ್ರೈಬಿಂಗ್ ಕೋರ್ಸ್ ಮುಗಿಸಿದ ನರ್ಸ್‌ಗಳಿಗೆ 2006ರಿಂದ ಬಹುತೇಕ ಎಲ್ಲ ಮದ್ದು ಬರೆಯುವ ಅಧಿಕಾರ ಇದೆ. ಅವರಿಗೆ ಸಹಿಯ ಅಧಿಕಾರ ಇದೆ, ನಮಗಿಲ್ಲ. ಆದರೆ ಸಹಿಗಿಂತ ಮೊದಲಿನ ಯೋಚನೆ ಇಬ್ಬರಿಗೂ ಒಂದೇ.

ರೋಗಿ ಎದುರು ಕೂತ ಕೂಡಲೇ ಮೊದಲು ಏನು ಯೋಚಿಸಬೇಕು?

ನಾನು ತಪ್ಪಿದ ಒಂದು ದಿನದ ಕಥೆ ಹೇಳುತ್ತೇನೆ.

ಡಿಸೆಂಬರ್ ತಿಂಗಳು, ಸಂಜೆ ನಾಲ್ಕೂವರೆ. ಐವತ್ತು ದಾಟಿದ ಕೃಷಿಕರೊಬ್ಬರು ಬಂದರು. ಅಡಿಕೆ ಒಣಗಿಸುವ ಅಂಗಳದಿಂದ ನೇರ ಬಂದದ್ದು, ಮುಂಡಿನ ಅಂಚಿನಲ್ಲಿ ಸಿಪ್ಪೆಯ ನಾರು ಅಂಟಿಕೊಂಡಿತ್ತು. ‘ಗ್ಯಾಸ್ ಸಿಸ್ಟರೇ. ಮಧ್ಯಾಹ್ನ ಹಲಸಿನ ಹಪ್ಪಳ ಸ್ವಲ್ಪ ಜಾಸ್ತಿ ಆಯಿತು’ ಅಂದರು. ಹೊಟ್ಟೆಯ ಮೇಲ್ಭಾಗ ಒತ್ತಿ ತೋರಿಸಿದರು. ಒಮ್ಮೆ ವಾಂತಿ ಆಗಿತ್ತು. ಬಿಪಿ 130/80. ನಾನು ಗ್ಯಾಸಿನ ಮಾತ್ರೆ ಕೊಟ್ಟು ಬೆಂಚಿನಲ್ಲಿ ಕೂರಿಸಿದೆ. ಜೊತೆಗಿದ್ದ ಹಿರಿಯ ಸಿಸ್ಟರ್ ಹಾದುಹೋಗುವಾಗ ಸುಮ್ನೆ ಅವರ ಬೆನ್ನ ಮೇಲೆ ಕೈ ಇಟ್ಟರು. ಅಂಗಿ ಒದ್ದೆ. ಡಿಸೆಂಬರ್ ಸಂಜೆ, ಫ್ಯಾನಿನ ಕೆಳಗೆ, ಅಂಗಿ ಒದ್ದೆ. ಇಸಿಜಿ ತೆಗೆದರೆ ಎರಡು, ಮೂರು, ಎವಿಎಫ್ ಲೀಡ್‌ಗಳಲ್ಲಿ ಎಸ್‌ಟಿ ಅನ್ನುವ ಗೆರೆಯ ಭಾಗ ಎದ್ದು ನಿಂತಿತ್ತು. ಹೃದಯದ ಕೆಳಗೋಡೆಯ ಅಟ್ಯಾಕ್. ಅವರು ಮಂಗಳೂರು ತಲುಪಿದರು, ಬದುಕಿದರು. ಈಗಲೂ ಕಂಡರೆ ಕೈ ಮುಗಿಯುತ್ತಾರೆ. ನನಗೆ ಮಾತ್ರ ಆ ಒದ್ದೆ ಅಂಗಿ ನೆನಪಾಗುತ್ತದೆ.

ಬೆವರು ನನಗೂ ಕಂಡಿತ್ತು. ಆದರೆ ‘ಗ್ಯಾಸ್’ ಎಂಬ ಮಾತು ಕೇಳಿದ್ದೇ ನನ್ನ ಯೋಚನೆ ನಿಂತುಬಿಟ್ಟಿತ್ತು. ಮೊದಲು ಹೊಳೆದ ಉತ್ತರಕ್ಕೆ ಮನಸ್ಸು ಅಂಟಿಕೊಳ್ಳುತ್ತದೆ, ಅನುಭವ ಹೆಚ್ಚಾದಷ್ಟು ಇನ್ನೂ ಗಟ್ಟಿಯಾಗಿ.

ಅಂದಿನಿಂದ ಯಾರೇ ಬಂದರೂ ನಾನು ಮೊದಲು ಕೇಳಿಕೊಳ್ಳುವುದು, ಈ ದೂರಿನ ಹಿಂದೆ ಜೀವ ತೆಗೆಯುವಂಥದ್ದು ಏನಿರಬಹುದು ಅಂತ. ‘ಗ್ಯಾಸ್’ ಅಂದರೆ ಹೃದಯ. ‘ತಲೆನೋವು’ ಅಂದರೆ ಮೆದುಳಿನ ರಕ್ತಸ್ರಾವ, ಬಸುರಿಯಾದರೆ ಬಿಪಿ. ‘ಹೊಟ್ಟೆನೋವು’ ಅಂತ ಹರೆಯದ ಹೆಂಗಸು ಬಂದರೆ ಗರ್ಭಕೋಶದ ಹೊರಗೆ ನಿಂತ ಬಸಿರು. ಅದು ಅಲ್ಲ ಅಂತ ಗಟ್ಟಿ ಮಾಡಿಕೊಂಡ ಮೇಲೆ ಉಳಿದದ್ದು. ಆಮೇಲೆ, ನನ್ನ ಊಹೆಗೆ ಹೊಂದದ ಒಂದು ಸಂಗತಿ ಎದುರಿಗೆ ಇದೆಯಾ ಅಂತ ಹುಡುಕುತ್ತೇನೆ. ಅವತ್ತು ಹೊಂದದೆ ಇದ್ದದ್ದು ಆ ಬೆವರು.

ಮದ್ದಿನ ವಿಷಯವೂ ಇಲ್ಲೇ ಬರುತ್ತದೆ. ಅಟ್ಯಾಕ್ ಅಂತ ಅನುಮಾನ ಬಂದರೆ, ಅಲರ್ಜಿಯಾಗಲಿ ರಕ್ತಸ್ರಾವವಾಗಲಿ ಇಲ್ಲದಿದ್ದರೆ, ಆಸ್ಪಿರಿನ್ 300 ಅಥವಾ 325 ಮಿಲಿಗ್ರಾಂ ಜಗಿದು ನುಂಗಿಸಬೇಕು. ಹಾಗೇ ನುಂಗಿದರೆ ನಿಧಾನ. ನಾಲಿಗೆಯಡಿ ಇಡುವ, ರಕ್ತನಾಳ ಹಿಗ್ಗಿಸುವ ಸಾರ್ಬಿಟ್ರೇಟ್ ಮಾತ್ರೆಯನ್ನು ಮಾತ್ರ ಅಭ್ಯಾಸಬಲದಿಂದ ಇಡಬೇಡಿ. ಕೆಳಗೋಡೆಯ ಅಟ್ಯಾಕಿನಲ್ಲಿ ಹೃದಯದ ಬಲಭಾಗಕ್ಕೂ ಪೆಟ್ಟು ಬಿದ್ದಿದ್ದರೆ ಬಿಪಿ ಒಮ್ಮೆಲೇ ಕುಸಿಯುತ್ತದೆ. ಬಿಪಿ ನೋಡಿ, ಡಾಕ್ಟ್ರಲ್ಲಿ ಕೇಳಿ, ಆಮೇಲೆ ಇಡಿ. ಮೊದಲ ಇಸಿಜಿ ಸರಿ ಇದ್ದರೂ ನೋವು ಉಳಿದಿದ್ದರೆ ಮತ್ತೊಮ್ಮೆ ತೆಗೆಯಿರಿ. ಶುಗರ್ ಇದ್ದವರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ಎದೆನೋವೇ ಇಲ್ಲದೆ ಬರೀ ಸುಸ್ತು, ಏದುಸಿರು ಇರಬಹುದು.

ನಮ್ಮಲ್ಲಿ ಒಬ್ಬೊಬ್ಬರದು ಒಂದೊಂದು ಭಾಷೆ. ತೊಂದರೆ ಸರಿಯಾಗಿ ಅರ್ಥ ಮಾಡಿಕೊಳ್ಳುವುದು ಹೇಗೆ?

ಇದು ನನ್ನ ಅತ್ಯಂತ ಇಷ್ಟದ ಪ್ರಶ್ನೆ. ಒಂದೇ ಬೆಳಗ್ಗೆ ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಕೇಳುವ ಒಪಿ ಬೇರೆಲ್ಲಿ ಸಿಗುತ್ತದೆ? ಆದರೆ ಇಲ್ಲೇ ತಪ್ಪುಗಳೂ ಹುಟ್ಟುತ್ತವೆ.

ಮಲಯಾಳದ ‘ಕ್ಷೀಣಂ’ ಅಂದರೆ ಬರೀ ಸುಸ್ತು. ಕನ್ನಡದ ಅಜ್ಜಿಯ ಮಗ ‘ಅಮ್ಮ ತುಂಬ ಕ್ಷೀಣ ಆಗಿದ್ದಾರೆ’ ಅಂದರೆ ತಿಂಗಳುಗಟ್ಟಲೆ ಮೈ ಇಳಿದಿದ್ದಾರೆ, ಸೊರಗಿದ್ದಾರೆ ಅಂತ. ತಿರುವನಂತಪುರ ಕಡೆಯಿಂದ ಬಂದ ಸಿಸ್ಟರ್ ಅದನ್ನು ಸುಸ್ತು ಅಂತ ಬರೆದುಕೊಂಡರೆ ಕ್ಷಯವೋ ಕ್ಯಾನ್ಸರೋ ಒಂದು ಸಾಲಿನಲ್ಲಿ ತಪ್ಪಿಹೋಗುತ್ತದೆ. ‘ಪನಿ’ ಅಂದರೆ ಮಲಯಾಳದಲ್ಲಿ ಜ್ವರ. ತುಳುವಿನ ಅಜ್ಜ ‘ತಿಗಲೆ ಬೇನೆ’ ಅಂದರೆ ಎದೆನೋವು. ಮಲಯಾಳದ ‘ನೆಂಜೆರಿಚ್ಚಿಲ್’ ಎದೆ ಉರಿ, ಎದೆನೋವಲ್ಲ. ಎರಡನ್ನೂ ಒಂದೇ ಅಂತ ಬರೆದರೆ ಏನಾಗುತ್ತದೆ ಅಂತ ಮೇಲೆ ನೋಡಿದಿರಲ್ಲ.

ನಮ್ಮ ಕನ್ನಡದಲ್ಲೂ ಒಂದು ಅಪಾಯ ಇದೆ. ‘ಹೇಗಿದೆ ಅಜ್ಜಾ?’ ಅಂದರೆ ‘ಕಮ್ಮಿ ಉಂಟು’ ಅನ್ನುತ್ತಾರೆ. ಕಮ್ಮಿ ಆದದ್ದು ಕೆಮ್ಮಾ, ಮೂತ್ರವಾ, ಹಸಿವಾ? ಕೇಳಿಯೇ ಬಿಡಿ. ಮಾತಿನ ಬದಲು ಕೆಲಸ ಕೇಳಿದರೆ ಇನ್ನೂ ಒಳ್ಳೆಯದು. ‘ಏದುಸಿರು ಇದೆಯಾ?’ ಅಂದರೆ ‘ಇಲ್ಲ’. ‘ತೋಟದಿಂದ ಮನೆಗೆ ಗುಡ್ಡ ಹತ್ತುವಾಗ ಎಷ್ಟು ಸಲ ನಿಲ್ಲುತ್ತೀರಿ? ಹೋದ ಓಣಂ ಹೊತ್ತಿಗೆ ಎಷ್ಟು ಸಲ ನಿಲ್ಲುತ್ತಿದ್ದಿರಿ?’ ಅಂದರೆ ಉತ್ತರ ಬರುತ್ತದೆ. ‘ಎಷ್ಟು ದಿಂಬು ಇಟ್ಟು ಮಲಗುತ್ತೀರಿ?’ ಅಂತ ಕೇಳಿದ್ದರಿಂದ ನನಗೆ ಹಾರ್ಟ್ ಫೇಲ್ಯೂರ್ ಗೊತ್ತಾದದ್ದು ಒಂದೆರಡು ಸಲ ಅಲ್ಲ.

ಮದ್ದು ಹೇಳಿಕೊಡುವಾಗಲೂ ಹಾಗೇ. ‘ಮೂರು ಹೊತ್ತು ಊಟದ ಮೇಲೆ’ ಅನ್ನುವ ಮೊದಲು ಅವರು ಎಷ್ಟು ಹೊತ್ತು ಉಣ್ಣುತ್ತಾರೆ ಅಂತ ಕೇಳಿ. ಬೆಳಗ್ಗೆ ಬರೀ ಚಾ, ಹತ್ತು ಗಂಟೆಗೆ ಗಂಜಿ ಕುಡಿಯುವವರು ಶುಗರಿನ ಮಾತ್ರೆಯನ್ನು ಏಳು ಗಂಟೆಗೆ ನುಂಗಿದರೆ ಗ್ಲಿಬೆನ್‌ಕ್ಲಮೈಡಿನಂಥದ್ದು ಅವರನ್ನು ತೋಟದಲ್ಲೇ ಬೀಳಿಸುತ್ತದೆ. ಮಲಯಾಳ ಓದಲು ಬಾರದವರ ಕವರಿನ ಮೇಲೆ ಸೂರ್ಯ, ಚಂದ್ರನ ಚಿತ್ರ ಬಿಡಿಸಿ. ಅರ್ಧ ನಿಮಿಷ ಸಾಕು.

ಮಳೆಗಾಲದ ಜ್ವರ. ಎಲ್ಲವೂ ಒಂದೇ ಥರ ಕಾಣುತ್ತದೆ. ಹೇಗೆ ಬೇರೆ ಮಾಡುವುದು?

ಜೂನ್‌ನಿಂದ ಒಪಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಮೊದಲ ಎರಡು ದಿನ ಡೆಂಗ್ಯೂ, ಇಲಿ ಜ್ವರ, ಫ್ಲೂ ಮೂರೂ ಒಂದೇ ಥರ ಕಾಣುವುದು ನಿಜ. ಹಾಗಾಗಿ ನಾನು ಮೈ ನೋಡುವಷ್ಟೇ ಗಮನ ಕೊಟ್ಟು ಕಳೆದ ಎರಡು ವಾರದ ಕಥೆ ಕೇಳುತ್ತೇನೆ. ಗದ್ದೆಗೆ ಇಳಿದಿದ್ದರಾ? ತೋಟದ ಕಣಿ ತೆಗೆದರಾ? ಉದ್ಯೋಗ ಖಾತ್ರಿ ಕೆಲಸದಲ್ಲಿ ತೋಡು ಸ್ವಚ್ಛ ಮಾಡಿದರಾ? ಕಾಲಿನಲ್ಲಿ ಗಾಯ ಇತ್ತಾ? ಹೌದು ಅಂದರೆ ಇಲಿ ಜ್ವರ ಪಟ್ಟಿಯ ಮೇಲಕ್ಕೆ ಬರುತ್ತದೆ. ಮೀನಖಂಡ ಮೆಲ್ಲ ಹಿಸುಕಿ ನೋಡಿ, ಕಿರುಚುವಷ್ಟು ನೋವು ಇರುತ್ತದೆ. ಕಣ್ಣು ಕೆಂಪು, ಆದರೆ ಪಿಸುರು ಇಲ್ಲ. ಮೂತ್ರ ಕಡಿಮೆಯಾದರೆ, ಕಣ್ಣು ಹಳದಿಯಾದರೆ ಒಂದು ಗಂಟೆಯೂ ಕಾಯಬಾರದು.

ಮಂಗಳೂರಿನಲ್ಲಿ ಕಟ್ಟಡ ಕೆಲಸಕ್ಕೆ ಹೋಗಿ ಬರುವವರಾ? ಮಲೇರಿಯಾ ಟೆಸ್ಟ್ ಮಾಡಿಸಿ. ಕಾಡಂಚಿನಲ್ಲಿ ಸೊಪ್ಪು ಕಡಿದವರಾ? ಕಂಕುಳು, ತೊಡೆಸಂದು, ಸೊಂಟದ ಸುತ್ತ ಬಟ್ಟೆ ಸರಿಸಿ ನೋಡಿ. ಸಿಗರೇಟಿನಿಂದ ಸುಟ್ಟಂಥ ಸಣ್ಣ ಕಪ್ಪು ಹೊಪ್ಪಳೆ ಸಿಕ್ಕಿದರೆ ಅದು ಸ್ಕ್ರಬ್ ಟೈಫಸ್, ಸಣ್ಣ ಹುಳ ಕಚ್ಚಿ ಬರುವ ಜ್ವರ. ಆ ಹೊಪ್ಪಳೆ ನೋಯುವುದಿಲ್ಲ, ಹಾಗಾಗಿ ರೋಗಿ ತಾನಾಗಿ ಹೇಳುವುದಿಲ್ಲ.

ಡೆಂಗ್ಯೂವಿನಲ್ಲಿ ಎಲ್ಲರೂ ಪ್ಲೇಟ್‌ಲೆಟ್ ಸಂಖ್ಯೆಯನ್ನೇ ಹಿಡಿದು ಕೂರುತ್ತಾರೆ. ನೀವು ಜ್ವರ ಇಳಿಯುವ ಹೊತ್ತನ್ನು ಕಾಯಿರಿ. ಮೂರರಿಂದ ಏಳನೇ ದಿನದ ನಡುವೆ ಜ್ವರ ಬಿಟ್ಟಿತು ಅಂತ ಮನೆಯವರು ಖುಷಿಪಡುವಾಗಲೇ ರಕ್ತನಾಳದಿಂದ ನೀರು ಸೋರುತ್ತದೆ. ಬಿಡದ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಕು, ಚಡಪಡಿಕೆ ಇವೆಲ್ಲ ಎಚ್ಚರಿಕೆ. ಇನ್ನೊಂದು, ಬಿಪಿ 100/80 ಇದ್ದರೆ ‘ನಾರ್ಮಲ್’ ಅಂತ ಬರೆಯಬೇಡಿ. ಮೇಲಿನದರಿಂದ ಕೆಳಗಿನದನ್ನು ಕಳೆಯಿರಿ. 20 ಅಥವಾ ಅದಕ್ಕಿಂತ ಕಡಿಮೆ ಬಂದು ಕೈಕಾಲು ತಣ್ಣಗಿದ್ದರೆ ಆ ರೋಗಿ ಶಾಕ್‌ನಲ್ಲಿದ್ದಾರೆ, ಅಂದರೆ ಮೈಗೆ ರಕ್ತ ಸಾಲುತ್ತಿಲ್ಲ.

ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಮಕ್ಕಳಿಗೆ ತೂಕದ ಒಂದು ಕಿಲೋಗೆ 10ರಿಂದ 15 ಮಿಲಿಗ್ರಾಂ. ಡೆಂಗ್ಯೂ ಅಲ್ಲ ಅಂತ ಗೊತ್ತಾಗುವ ತನಕ ಡೈಕ್ಲೋಫಿನಾಕ್ ಇಂಜೆಕ್ಷನ್, ಐಬುಪ್ರೊಫೆನ್, ಆಸ್ಪಿರಿನ್ ಹತ್ತಿರವೂ ಬೇಡ. ‘ಒಂದು ಸೂಜಿ ಹಾಕಿ ಸಿಸ್ಟರೇ’ ಅಂತ ಎಷ್ಟೇ ಒತ್ತಾಯ ಬಂದರೂ ಬೇಡ. ಇಲಿ ಜ್ವರ, ಸ್ಕ್ರಬ್ ಎರಡಕ್ಕೂ ಡಾಕ್ಸಿಸೈಕ್ಲಿನ್ ಹಿಡಿಯುತ್ತದೆ. ಸ್ಕ್ರಬ್ ಇರುವ ಬಸುರಿಯರಿಗೆ ಡಾಕ್ಟ್ರು ಅಜಿತ್ರೋಮೈಸಿನ್ ಆರಿಸುತ್ತಾರೆ. ಕೆಸರಿನಲ್ಲಿ ಕೆಲಸ ಮಾಡುವವರಿಗೆ ಮುನ್ನೆಚ್ಚರಿಕೆಯಾಗಿ ವಾರಕ್ಕೊಮ್ಮೆ 200 ಮಿಲಿಗ್ರಾಂ ಡಾಕ್ಸಿ ಕೊಡುವ ಕ್ರಮ ಕೇರಳದಲ್ಲಿದೆ. ಊಟದ ಮೇಲೆ, ಲೋಟ ತುಂಬ ನೀರಿನ ಜೊತೆ. ನುಂಗಿ ಕೂಡಲೇ ಮಲಗಿದರೆ ಅನ್ನನಾಳ ಸುಡುತ್ತದೆ.

ಆಂಟಿಬಯಾಟಿಕ್ ಬೇಕೇ ಬೇಕು ಅಂತ ಹಠ ಹಿಡಿದರೆ?

ಬೈಯಬೇಡಿ. ಅವರಿಗೆ ಬೇಕಾದದ್ದು ಮದ್ದಿಗಿಂತ ಧೈರ್ಯ. ಎದೆಗೆ ಸ್ಟೆತ್ ಇಟ್ಟು ಕೇಳಿ, ಒಂದು ನಿಮಿಷದ ಉಸಿರು ಎಣಿಸಿ, ಗಂಟಲು ನೋಡಿ, ‘ಇವತ್ತು ಕಫ ಎದೆಗೆ ಇಳಿದಿಲ್ಲ. ಉಸಿರು ಜೋರಾದರೆ, ಜ್ವರ ಮೂರು ದಿನ ದಾಟಿದರೆ ವಾಪಸ್ ಬನ್ನಿ’ ಅಂತ ಹೇಳಿ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಆಂಟಿಬಯಾಟಿಕ್‌ಗಳನ್ನು ಮೂರು ಗುಂಪು ಮಾಡಿತು. ಮೊದಲಿಗೆ ಬಳಸುವಂಥವು, ಎಚ್ಚರದಿಂದ ಬಳಸುವಂಥವು, ಕೊನೆಗೆಂದು ಕಾಪಿಡುವಂಥವು. ನೆಗಡಿಗೆ ಜನ ಕೇಳಿ ಪಡೆಯುವ ಅಜಿತ್ರೋಮೈಸಿನ್ ಎರಡನೇ ಗುಂಪಿನದು. ಕೇರಳ 2018ರಲ್ಲೇ ಇದಕ್ಕೆ ರಾಜ್ಯ ಮಟ್ಟದ ಯೋಜನೆ ಮಾಡಿದೆ.

ವಯಸ್ಸಾದವರಿಗೆ ಹತ್ತು ಮಾತ್ರೆ. ಯಾವುದು ಬೇಕು, ಯಾವುದು ಬೇಡ ಅಂತ ತಿಳಿಯುವುದು ಹೇಗೆ?

‘ಮನೆಯಲ್ಲಿರುವ ಎಲ್ಲ ಮದ್ದು ತನ್ನಿ’ ಅನ್ನಿ. ಬಟ್ಟೆ ಅಂಗಡಿಯ ಚೀಲದಲ್ಲಿ ಬರುತ್ತದೆ. ಮೇಜಿನ ಮೇಲೆ ಸುರಿಯಿರಿ. ನಮ್ಮ ಕಡೆ ಒಂದು ವಿಶೇಷ ಸಮಸ್ಯೆ ಇದೆ. ಸರಕಾರಿ ಆಸ್ಪತ್ರೆಯ ಬಿಪಿ ಮಾತ್ರೆ ಆಮ್ಲೋಡಿಪಿನ್ ಒಂದು ಕಡೆ, ಕರ್ನಾಟಕದ ಗಡಿಯ ತಲಪಾಡಿ ದಾಟಿ ತಂದ ಅದೇ ಆಮ್ಲೋಡಿಪಿನ್ ಬೇರೆ ಕಂಪೆನಿ ಹೆಸರಿನಲ್ಲಿ ಇನ್ನೊಂದು ಕಡೆ. ಅಜ್ಜಿ ಎರಡನ್ನೂ ನುಂಗುತ್ತಾರೆ, ಬಣ್ಣ ಬೇರೆ ಅಲ್ವಾ! ಸ್ಟ್ರಿಪ್ಪಿನ ಹಿಂಭಾಗದ ಸಣ್ಣ ಅಕ್ಷರ ಓದಿ ಜೋಡಿ ಮಾಡಿ. ಕಷಾಯ, ಲೇಹ್ಯ, ಅಂಗಡಿಯಿಂದ ತಂದ ಗಂಟುನೋವಿನ ಮಾತ್ರೆಯನ್ನೂ ಕೇಳಿ. ಆ ನೋವಿನ ಮಾತ್ರೆಯೇ ಬಿಪಿ ಏರಿಸುತ್ತಿರಬಹುದು, ಕಿಡ್ನಿ ಕೆಡಿಸುತ್ತಿರಬಹುದು.

ಆಮೇಲೆ ನೋಡಬೇಕಾದ್ದು, ಹೊಸ ತೊಂದರೆ ರೋಗದಿಂದ ಬಂತಾ, ಮದ್ದಿನಿಂದ ಬಂತಾ ಅಂತ. ಒಣ ಕೆಮ್ಮು ತಿಂಗಳಿಂದ ಇದೆ, ಕೆಮ್ಮಿನ ಸಿರಪ್ ಮೂರು ಬಾಟಲಿ ಖಾಲಿ. ಚೀಲದಲ್ಲಿ ಬಿಪಿಯ ಎನಾಲಪ್ರಿಲ್ ಇದೆ. ಕಾಲು ಊದಿದೆ, ನೀರಿಳಿಯುವ ಮಾತ್ರೆ ಶುರುವಾಗಿದೆ. ಚೀಲದಲ್ಲಿ ಆಮ್ಲೋಡಿಪಿನ್ 10 ಇದೆ. ಒಂದು ಮದ್ದಿನ ಅಡ್ಡಪರಿಣಾಮಕ್ಕೆ ಇನ್ನೊಂದು ಮದ್ದು, ಅದಕ್ಕೆ ಮತ್ತೊಂದು. ಹೀಗೇ ಹತ್ತಾಗುವುದು. ಇದನ್ನು ನೀವೇ ನಿಲ್ಲಿಸಬೇಡಿ, ಬರೆದು ಡಾಕ್ಟ್ರ ಮುಂದಿಡಿ. ಶುಗರಿನ ಮೆಟ್‌ಫಾರ್ಮಿನ್ ಇದ್ದರೆ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ಯಾವಾಗ ನೋಡಿದ್ದು ಅಂತ ಕೇಳಿ. ಕಿಡ್ನಿ ಎಷ್ಟು ಸೋಸುತ್ತದೆ ಅಂತ ತೋರಿಸುವ ಇಜಿಎಫ್‌ಆರ್ 30ರ ಕೆಳಗಿದ್ದರೆ ಆ ಮಾತ್ರೆ ಕೊಡಬಾರದು. ಬಿಪಿ ಇರುವ ಹುಡುಗಿ ಮದುವೆಯಾಗಿ ಬಸುರಿಯಾದರೆ ಎನಾಲಪ್ರಿಲ್, ಟೆಲ್ಮಿಸಾರ್ಟಾನ್ ಬದಲಾಯಿಸಲೇಬೇಕು. ಫಿಟ್ಸ್ ಇರುವ ಹೆಣ್ಣುಮಕ್ಕಳಿಗೆ ವಾಲ್ಪ್ರೊಯೇಟ್ ಇದ್ದರೆ ಮದುವೆಗೆ ಮೊದಲೇ ಡಾಕ್ಟ್ರಲ್ಲಿ ಮಾತಾಡಿಸಿ. ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಗೇರು ತೋಟಗಳ ಸುತ್ತಿನ ಮನೆಗಳಲ್ಲಿ ಫಿಟ್ಸ್ ಮಾತ್ರೆ ನುಂಗುತ್ತಾ ದೊಡ್ಡವರಾದ ಮಕ್ಕಳು ನಮ್ಮಲ್ಲಿದ್ದಾರೆ. ಅವರ ಮಾತ್ರೆ ಒಂದು ದಿನವೂ ತಪ್ಪದ ಹಾಗೆ ನೋಡಿಕೊಳ್ಳಿ.

ಹಾವು ಕಚ್ಚಿ ಬಂದರೆ ನಮ್ಮ ಪಾಲು ಏನು?

ಕಚ್ಚಿದ ಕೈ ಅಥವಾ ಕಾಲು ಅಲ್ಲಾಡದ ಹಾಗೆ ಇಡಿ. ಬಿಗಿ ಕಟ್ಟಿಕೊಂಡು ಬಂದಿದ್ದರೆ ತಟ್ಟನೆ ಬಿಚ್ಚಬೇಡಿ, ಡಾಕ್ಟ್ರಿದ್ದಾಗ ಬಿಚ್ಚಿ. ಎರಡು ಮಿಲಿ ರಕ್ತ ತೆಗೆದು ಹೊಸ, ಒಣ ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಅಲ್ಲಾಡಿಸದೆ ಇಡಿ. ಆಮೇಲೆ ಒಮ್ಮೆ ವಾಲಿಸಿ. ಹೆಪ್ಪುಗಟ್ಟದೆ ಹರಿದರೆ ಕನ್ನಡಿ ಹಾವಿನಂಥ (ರಸಲ್ಸ್ ವೈಪರ್) ಮಂಡಲದ ವಿಷ ರಕ್ತಕ್ಕೆ ಸೇರಿದೆ. ಪ್ಲಾಸ್ಟಿಕ್ ಟ್ಯೂಬ್, ಸೋಪಿನಲ್ಲಿ ತೊಳೆದ ಟ್ಯೂಬ್ ಸುಳ್ಳು ಹೇಳುತ್ತದೆ.

ನೆಲದಲ್ಲಿ ಮಲಗಿದವರು ನಸುಕಿಗೆ ಹೊಟ್ಟೆನೋವು ಅಂತ ಎದ್ದು, ರೆಪ್ಪೆ ಜೋತು ಬಿದ್ದರೆ ಕಟ್ಟಹಾವು (ಕ್ರೈಟ್) ಅಂತ ಯೋಚಿಸಿ. ಗಾಯವೇ ಕಾಣದೆ ಇರಬಹುದು. ಪ್ರತಿವಿಷ ಕೊಡುವಾಗ, ಅಲರ್ಜಿ ಆದರೆ ಕೂಡಲೇ ಕೊಡಲು, ಪಕ್ಕದಲ್ಲಿ ಅಡ್ರಿನಲಿನ್ ಸಿರಿಂಜಿಗೆ ಎಳೆದಿಟ್ಟಿರಲಿ. ಮಕ್ಕಳಿಗೂ ದೊಡ್ಡವರಷ್ಟೇ ಡೋಸ್, ಹಾವು ವಿಷ ಅಳೆದು ಬಿಡುವುದಿಲ್ಲ. ಇನ್ನೊಂದು, ನಮ್ಮ ತೋಟಗಳಲ್ಲಿ ಸಿಗುವ ಮೂಗು ಎದ್ದಿರುವ ಸಣ್ಣ ಮಂಡಲಕ್ಕೆ ಈಗಿರುವ ಪ್ರತಿವಿಷ ಕೆಲಸ ಮಾಡುವುದಿಲ್ಲ. ಹಾಗಾಗಿ ಫೋನಿನಲ್ಲಿ ಹಾವಿನ ಫೋಟೋ ಇದ್ದರೆ ಡಾಕ್ಟ್ರಿಗೆ ತೋರಿಸಿ. ಹಾವು ಹಿಡಿಯಲು ಮಾತ್ರ ಯಾರನ್ನೂ ಕಳಿಸಬೇಡಿ.

ಪ್ಯಾಲಿಯೇಟಿವ್ ಮನೆಗಳಲ್ಲಿ ಮಾರ್ಫಿನ್ ಕೊಡಲು ಭಯ ಆಗುತ್ತದೆ.

ನನಗೂ ಆಗುತ್ತಿತ್ತು. ಕೇರಳ 2008ರಲ್ಲಿ ಪ್ಯಾಲಿಯೇಟಿವ್ ನೀತಿ ತಂದದ್ದರಿಂದ ನೋವಿನ ಮದ್ದು ಪಂಚಾಯತಿನ ಮನೆಬಾಗಿಲಿಗೆ ಬಂತು. ಬರೆಯುವುದು ಡಾಕ್ಟ್ರು, ಆದರೆ ಡೋಸ್ ಸಾಕಾ ಅಂತ ಹೇಳಬೇಕಾದವರು ನಾವು. ಸಾಮಾನ್ಯವಾಗಿ 5 ಮಿಲಿಗ್ರಾಂ ನಾಲ್ಕು ಗಂಟೆಗೊಮ್ಮೆ, ತೀರಾ ವಯಸ್ಸಾದವರಿಗೆ 2.5. ಜೊತೆಗೆ ಮೊದಲ ದಿನದಿಂದಲೇ ಮಲ ಸಡಿಲಿಸುವ ಮದ್ದು. ಇದನ್ನು ಮರೆತರೆ ಮೂರನೇ ದಿನ ರೋಗಿಯೇ ‘ಈ ಮದ್ದು ಬೇಡ’ ಅನ್ನುತ್ತಾರೆ. ಕಿಡ್ನಿ ಸರಿ ಇಲ್ಲದಿದ್ದರೆ ಮಾರ್ಫಿನ್ ಮೈಯಲ್ಲಿ ಉಳಿಯುತ್ತದೆ. ಎಬ್ಬಿಸಿದರೂ ಏಳದ ತೂಕಡಿಕೆ, ಸೂಜಿಮೊನೆಯಷ್ಟು ಪಾಪೆ, ನಿಧಾನವಾದ ಉಸಿರು ಕಂಡರೆ ಮುಂದಿನ ಡೋಸ್ ನಿಲ್ಲಿಸಿ ಕೂಡಲೇ ಫೋನ್ ಮಾಡಿ.

ಡಾಕ್ಟ್ರಿಗೆ ಫೋನ್ ಮಾಡಿದರೆ ‘ನಾಳೆ ನೋಡೋಣ’ ಅನ್ನುತ್ತಾರೆ. ಏನು ಮಾಡಲಿ?

ಹೆಚ್ಚಾಗಿ ತಪ್ಪು ನಾವು ಹೇಳುವ ರೀತಿಯಲ್ಲಿ. ‘ಸಾರ್, ಆ ಪೇಷೆಂಟ್ ಸ್ವಲ್ಪ ಸರಿ ಇಲ್ಲ’ ಅಂದರೆ ನಿದ್ದೆಯಲ್ಲಿದ್ದವರಿಗೆ ಏನು ಅರ್ಥವಾಗಬೇಕು? ಹೀಗೆ ಹೇಳಿ ನೋಡಿ:

‘ಸಾರ್, ಮೂರನೇ ವಾರ್ಡಿನಿಂದ ಮಾತಾಡ್ತಿದ್ದೇನೆ. 62 ವರ್ಷದ ಗಂಡಸು, ಶುಗರ್ ಇದೆ, ಕಾಲಿನ ಹುಣ್ಣಿಗೆ ಅಡ್ಮಿಟ್. ಹತ್ತು ಗಂಟೆಗೆ ಉಸಿರು 18 ಇತ್ತು, ಈಗ 26. ಬಿಪಿ 94/60. ಹೆಸರು ಕೇಳಿದರೆ ತಪ್ಪು ಹೇಳ್ತಿದ್ದಾರೆ. ನನಗೆ ಸೆಪ್ಸಿಸ್ ಅನುಮಾನ. ನೀವು ಈಗ ಬಂದು ನೋಡಬೇಕು. ಅಷ್ಟರಲ್ಲಿ ಕಲ್ಚರ್‌ಗೆ ರಕ್ತ ತೆಗೆದು ಫ್ಲೂಯಿಡ್ ಶುರು ಮಾಡಲಾ?’

(ಸೆಪ್ಸಿಸ್ ಅಂದರೆ ಸೋಂಕು ಮೈಗೆಲ್ಲ ಪೆಟ್ಟು ಕೊಡುವ ಸ್ಥಿತಿ.) ಯಾರು, ಹಿನ್ನೆಲೆ ಏನು, ಏನು ಕಂಡೆ, ಏನು ಬೇಕು. ಸಂಖ್ಯೆ ಹೇಳಿದ ಮೇಲೆ ‘ನಾಳೆ’ ಅನ್ನುವವರು ಕಡಿಮೆ. ಆದರೂ ‘ನಾಳೆ’ ಅಂತಲೇ ಹೇಳಿದರೆ ಹೊತ್ತು ಸಮೇತ ನೋಟ್ಸ್‌ನಲ್ಲಿ ಬರೆದು ಮೇಲಿನವರಿಗೆ ಫೋನ್ ಮಾಡಿ.

ಉಸಿರಿನ ಎಣಿಕೆ ಅಷ್ಟು ಮುಖ್ಯವಾ?

ಹೌದು. ರೋಗಿ ಹದಗೆಡುವಾಗ ಬಿಪಿಗಿಂತ ಮೊದಲು ಬದಲಾಗುವುದು ಅದೇ. ಎಲ್ಲರ ಚಾರ್ಟಿನಲ್ಲೂ 20 ಅಂತ ಬರೆದಿರುವುದನ್ನು ನೋಡಿದರೆ ಬೇಸರವಾಗುತ್ತದೆ. ಪೂರ್ತಿ ಒಂದು ನಿಮಿಷ ಎಣಿಸಿ.

ನನ್ನ ಊಹೆ ತಪ್ಪಾದರೆ?

ಕೆಲವು ಸಲ ತಪ್ಪಾಗುತ್ತದೆ. ಅದಕ್ಕೇ ಮನೆಗೆ ಕಳಿಸುವಾಗ ಏನಾದರೆ ವಾಪಸ್ ಬರಬೇಕು, ಎಷ್ಟು ಹೊತ್ತಿನೊಳಗೆ ಬರಬೇಕು ಅಂತ ಅವರ ಭಾಷೆಯಲ್ಲೇ ಹೇಳಿ, ಅವರ ಬಾಯಿಂದಲೇ ಮತ್ತೆ ಹೇಳಿಸಿ. ನನ್ನ ಬ್ಯಾಗಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇದೆ. ಅನುಮಾನ ಉಳಿದವರ ಹೆಸರಿನ ಮೊದಲ ಅಕ್ಷರ, ನನ್ನ ಊಹೆ, ಮರುದಿನ ಫೋನ್ ಮಾಡಿದಾಗ ಗೊತ್ತಾದದ್ದು, ಇಷ್ಟೇ ಬರೆಯುತ್ತೇನೆ. ನಿನ್ನೆ ಬರೆದ ಇಬ್ಬರಿಗೆ ಇನ್ನೂ ಫೋನ್ ಮಾಡಬೇಕು. ಒಬ್ಬರು ಕುಂಬಳೆಯ ಅಜ್ಜಿ. ಜ್ವರ ಇವತ್ತು ನಾಲ್ಕನೇ ದಿನ.